ಗಾಲ್ಫಿನ ಹ್ಯಾಂಡಿಕ್ಯಾಪ್: ಎಂಟು ಒಳ್ಳೆಯ ಸುತ್ತುಗಳ ಲೆಕ್ಕ

ಗಾಲ್ಫ್ ಆಟಗಾರನ ಸಾಮರ್ಥ್ಯವನ್ನು ಅಳೆಯುವ ಸಂಖ್ಯೆಯೇ ಹ್ಯಾಂಡಿಕ್ಯಾಪ್. ಅವನು ತನ್ನ ಒಳ್ಳೆಯ ದಿನದಲ್ಲಿ 18 ಹೋಲ್‌ಗಳ ಒಂದು ಸುತ್ತು ಮುಗಿಸಲು ಪರಿಣತ ಆಟಗಾರನಿಗಿಂತ ಸುಮಾರು ಎಷ್ಟು ಹೊಡೆತ ಹೆಚ್ಚು ತೆಗೆದುಕೊಳ್ಳುತ್ತಾನೆ ಎಂಬುದನ್ನು ಅದು ಹೇಳುತ್ತದೆ. ಸಂಖ್ಯೆ ಚಿಕ್ಕದಾದಷ್ಟೂ ಆಟ ದೊಡ್ಡದು. ಸೊನ್ನೆಯವನು ‘ಸ್ಕ್ರ್ಯಾಚ್’ ಆಟಗಾರ. ಹದಿನೆಂಟರವನು ಹೋಲಿಗೊಂದರಂತೆ ಹೆಚ್ಚಿನ ಹೊಡೆತ ಬೇಕಾದವನು. ಹೊಸಬರಿಗೆ ಮೂವತ್ತು, ನಲವತ್ತು ಸಾಮಾನ್ಯ. ಅತಿ ಹೆಚ್ಚೆಂದರೆ 54. ಸ್ಪರ್ಧೆಯಲ್ಲಿ ಒಟ್ಟು ಹೊಡೆತಗಳಿಂದ ಈ ಹ್ಯಾಂಡಿಕ್ಯಾಪಿನ ಹೊಡೆತಗಳನ್ನು ಕಳೆದಾಗ ಉಳಿಯುವುದು ‘ನೆಟ್’ ಸ್ಕೋರ್. ವಾರಾಂತ್ಯದ ಹವ್ಯಾಸಿ ಸ್ಪರ್ಧೆಗಳಲ್ಲಿ ಟ್ರೋಫಿ ಯಾರಿಗೆ ಎಂದು ತೀರ್ಮಾನಿಸುವುದು ಹೆಚ್ಚಾಗಿ ಈ ನೆಟ್ ಸ್ಕೋರೇ.

ಠಾಣೆ, ಡೊಂಬಿವಲಿ, ಕಲ್ಯಾಣ್, ನವಿ ಮುಂಬೈಗಳ ಕನ್ನಡಿಗರಿಗೆ ಗಾಲ್ಫ್ ಬಹುಕಾಲ ದೂರದ ಆಟವಾಗಿಯೇ ಇತ್ತು. ಸಂಘಗಳ ಕ್ರೀಡಾಕೂಟವೆಂದರೆ ಕ್ರಿಕೆಟ್, ಕಬಡ್ಡಿ, ಥ್ರೋಬಾಲ್, ಹಗ್ಗಜಗ್ಗಾಟ. ಗಾಲ್ಫ್ ಎಂದರೆ ಚೆಂಬೂರಿನಲ್ಲಿ 1927ರಲ್ಲಿ ಹುಟ್ಟಿದ ಬಾಂಬೆ ಪ್ರೆಸಿಡೆನ್ಸಿ ಗಾಲ್ಫ್ ಕ್ಲಬ್‌ನಂಥ ಕಡೆ ಸದಸ್ಯರು, ಅವರ ಅತಿಥಿಗಳು ಆಡುವ ಆಟ. ಕಾಂಪೌಂಡಿನ ಹೊರಗಿನ ರಸ್ತೆಯಲ್ಲಿ ದಿನವೂ ಓಡಾಡುವವರಿಗೆ ಒಳಗೇನು ನಡೆಯುತ್ತದೆ ಎಂದು ತಿಳಿಯುತ್ತಿರಲಿಲ್ಲ. ಈ ಸ್ಥಿತಿ ಸ್ವಲ್ಪ ಬದಲಾದದ್ದು 2012ರಲ್ಲಿ ನಗರಾಭಿವೃದ್ಧಿ ಸಂಸ್ಥೆ ಸಿಡ್ಕೋ ಖಾರ್‌ಘರ್ ವ್ಯಾಲಿ ಗಾಲ್ಫ್ ಕೋರ್ಸ್ ತೆರೆದಾಗ. ಗುಡ್ಡಗಳ ಮಡಿಲಿನ ಸುಮಾರು 103 ಹೆಕ್ಟೇರ್ ಜಾಗದಲ್ಲಿ ಮೊದಲು 11 ಹೋಲ್‌ಗಳೊಂದಿಗೆ ಅದು ಶುರುವಾಯಿತು; ಮುಂದೆ 18ಕ್ಕೆ ಹಿಗ್ಗಿಸುವ ಕೆಲಸವನ್ನು ಸಿಡ್ಕೋ ಕೈಗೆತ್ತಿಕೊಂಡಿತು. ಕ್ಲಬ್ಬಿನ ಸದಸ್ಯತ್ವಕ್ಕಾಗಿ ವರ್ಷಗಟ್ಟಲೆ ಕಾಯದೆ, ಶುಲ್ಕ ಕೊಟ್ಟು ಆಡಬಹುದಾದ ಸಾರ್ವಜನಿಕ ಕೋರ್ಸ್ ಇಡೀ ಮುಂಬೈ ಸುತ್ತಿನಲ್ಲಿ ಅಪರೂಪ. ಹಾಗೆಂದು ಇಂಥವು ಎಲ್ಲೆಂದರಲ್ಲಿ ಏಳಬೇಕು ಎನ್ನಲಾಗದು. ನೆರೂಳ್-ಸೀವುಡ್ಸ್ ಬದಿಯ, ಫ್ಲೆಮಿಂಗೊಗಳು ಇಳಿಯುವ ಜೌಗು ನೆಲದಲ್ಲಿ ಗಾಲ್ಫ್ ಕೋರ್ಸ್ ಮಾಡಲು ಕೊಟ್ಟಿದ್ದ ಅನುಮತಿಯನ್ನು ಬಾಂಬೆ ಹೈಕೋರ್ಟ್ 2018ರಲ್ಲಿ ರದ್ದು ಮಾಡಿತು. ಅದು ಸರಿಯಾದ ತೀರ್ಪು. ಇರುವ ಕೋರ್ಸುಗಳು ಹೆಚ್ಚು ಜನರಿಗೆ ತೆರೆದುಕೊಳ್ಳುವುದೇ ಲೇಸು.

ಹೀಗೆ ಹೊಸದಾಗಿ ಆಟಕ್ಕೆ ಬಂದವರು ಕಚೇರಿ, ಉದ್ಯಮ ಅಥವಾ ಗೆಳೆಯರ ಬಳಗ ಏರ್ಪಡಿಸುವ ಸ್ಪರ್ಧೆಗೆ ಮೊದಲ ಸಲ ಹೋದಾಗ ಎದುರಾಗುವ ಪ್ರಶ್ನೆ ಒಂದೇ: ‘ನಿಮ್ಮ ಹ್ಯಾಂಡಿಕ್ಯಾಪ್ ಎಷ್ಟು?’ ಅಂದಾಜಿನ ಮೇಲೆ ಯಾವುದೋ ಒಂದು ಸಂಖ್ಯೆ ಹೇಳಿಬಿಡುವವರೇ ಹೆಚ್ಚು. ಆದರೆ ಇದು ಬಾಯಲ್ಲಿ ಹೇಳುವ ಸಂಖ್ಯೆಯಲ್ಲ, ಸ್ಕೋರ್ ಕಾರ್ಡುಗಳಿಂದ ಹುಟ್ಟಬೇಕಾದ ಸಂಖ್ಯೆ.

ಬಹುತೇಕ ಆಟಗಳಲ್ಲಿ ಬಲದಲ್ಲಿ ಸಮನಲ್ಲದವರನ್ನು ಬೇರೆ ಬೇರೆ ಗುಂಪಿಗೆ ಹಾಕುತ್ತಾರೆ. ಕಂಬಳದಲ್ಲಿ ಹಗ್ಗ, ನೇಗಿಲು, ಅದರಲ್ಲೂ ಹಿರಿಯ, ಕಿರಿಯ ಎಂಬ ವಿಭಾಗಗಳಿರುವುದು ಇದೇ ಕಾರಣಕ್ಕೆ. ಕಿರಿಯ ಕೋಣಗಳನ್ನು ಹಿರಿಯವುಗಳ ಜೊತೆ ಯಾರೂ ಓಡಿಸುವುದಿಲ್ಲ. ಗಾಲ್ಫ್ ಹಿಡಿದ ದಾರಿ ಬೇರೆ. ಎಲ್ಲರನ್ನೂ ಒಂದೇ ಅಂಗಣದಲ್ಲಿ, ಒಂದೇ ಸ್ಪರ್ಧೆಯಲ್ಲಿ ಆಡಿಸಿ, ವ್ಯತ್ಯಾಸವನ್ನು ಲೆಕ್ಕದಲ್ಲಿ ಸರಿದೂಗಿಸುತ್ತದೆ. ಎಪ್ಪತ್ತರ ನಿವೃತ್ತ ಬ್ಯಾಂಕ್ ಅಧಿಕಾರಿ ಇಪ್ಪತ್ತೈದರ ಮೊಮ್ಮಗಳೊಂದಿಗೆ ನಿಜವಾದ ಪೈಪೋಟಿಗೆ ಇಳಿಯಬಹುದಾದ ಆಟ ಇದು. ವೃತ್ತಿಪರರ ಲೋಕದಲ್ಲಿ ಈ ಸೌಲಭ್ಯ ಇಲ್ಲ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಬೆಂಗಳೂರಿನ ಅದಿತಿ ಅಶೋಕ್ ನಾಲ್ಕನೆಯವರಾಗಿ, ಒಂದೇ ಹೊಡೆತದ ಅಂತರದಲ್ಲಿ ಪದಕದ ಸಾಲಿನಿಂದ ಹೊರಗುಳಿದದ್ದು ಕಳೆಯುವ-ಕೂಡುವ ಲೆಕ್ಕವೇ ಇಲ್ಲದ ನೇರ ಸ್ಕೋರಿನಲ್ಲಿ. ಹ್ಯಾಂಡಿಕ್ಯಾಪ್ ಹವ್ಯಾಸಿಗಳಿಗಾಗಿಯೇ ಇರುವ ವ್ಯವಸ್ಥೆ.

ಹತ್ತೊಂಬತ್ತನೆಯ ಶತಮಾನದಲ್ಲಿ ಬ್ರಿಟನ್ನಿನ ಒಂದೊಂದು ಕ್ಲಬ್ಬೂ ತನಗೆ ತೋಚಿದಂತೆ ಹ್ಯಾಂಡಿಕ್ಯಾಪ್ ಕೊಡುತ್ತಿತ್ತು. ಒಂದು ಕಡೆಯ ಹತ್ತು ಇನ್ನೊಂದು ಕಡೆ ಹದಿನೈದಕ್ಕೆ ಸಮವಾಗುತ್ತಿತ್ತು. ಇದನ್ನು ದೇಶಕ್ಕೆಲ್ಲ ಒಂದೇ ಅಳತೆಗೆ ತರಲು ಮೊದಲು ಪಟ್ಟುಹಿಡಿದು ದುಡಿದವರು ಮಹಿಳೆಯರು. 1893ರಲ್ಲಿ ಸ್ಥಾಪನೆಯಾದ ಲೇಡೀಸ್ ಗಾಲ್ಫ್ ಯೂನಿಯನ್, ಅದರ ಕಾರ್ಯದರ್ಶಿ ಇಸೆಟ್ ಪಿಯರ್ಸನ್ ಅವರ ಮುಂದಾಳತ್ವದಲ್ಲಿ, ಕ್ಲಬ್ಬಿನಿಂದ ಕ್ಲಬ್ಬಿಗೆ ಸಲ್ಲುವ ಹ್ಯಾಂಡಿಕ್ಯಾಪ್ ಪದ್ಧತಿಯನ್ನು ಕಟ್ಟಿತು. ಪುರುಷರ ಸಂಸ್ಥೆಗಳು ಆ ದಾರಿಗೆ ಬಂದದ್ದು ಆಮೇಲೆ. ಅಮೆರಿಕದ ಗಾಲ್ಫ್ ಸಂಸ್ಥೆ ತನ್ನ ರಾಷ್ಟ್ರೀಯ ಪದ್ಧತಿಯನ್ನು ತಂದದ್ದು 1911ರಲ್ಲಿ. ಇಷ್ಟಾದರೂ ಇಪ್ಪತ್ತೊಂದನೆಯ ಶತಮಾನ ಬಂದ ಮೇಲೂ ಜಗತ್ತಿನಲ್ಲಿ ಆರು ಬೇರೆ ಬೇರೆ ಪದ್ಧತಿಗಳಿದ್ದವು. ಇವೆಲ್ಲವನ್ನೂ ಒಂದುಗೂಡಿಸಿ ವಿಶ್ವ ಹ್ಯಾಂಡಿಕ್ಯಾಪ್ ಪದ್ಧತಿ 2020ರ ಜನವರಿಯಲ್ಲಿ ಜಾರಿಗೆ ಬಂತು, 2024ರ ಜನವರಿಯಲ್ಲಿ ಪರಿಷ್ಕೃತಗೊಂಡಿತು. ಬ್ರಿಟನ್ನಿನ ಆರ್ ಅಂಡ್ ಎ ಮತ್ತು ಅಮೆರಿಕದ ಗಾಲ್ಫ್ ಸಂಸ್ಥೆ ಸೇರಿ ಇದನ್ನು ನಡೆಸುತ್ತವೆ. ಭಾರತದಲ್ಲಿ ಇದರ ಹೊಣೆ 1955ರಲ್ಲಿ ಹುಟ್ಟಿದ ಇಂಡಿಯನ್ ಗಾಲ್ಫ್ ಯೂನಿಯನ್ನಿನದು.

ಲೆಕ್ಕ ಶುರುವಾಗುವುದು ಆಟಗಾರನಿಂದಲ್ಲ, ಅಂಗಣದಿಂದ. ಪೂರ್ಣ ಪ್ರಮಾಣದ ಕೋರ್ಸಿನ ಪಾರ್, ಅಂದರೆ ಪರಿಣತನಿಗೆ ಬೇಕೆಂದು ನಿಗದಿಯಾದ ಹೊಡೆತಗಳ ಸಂಖ್ಯೆ, ಸಾಮಾನ್ಯವಾಗಿ 72: ಮೂರು ಹೊಡೆತದ ನಾಲ್ಕು ಹೋಲ್‌ಗಳು, ನಾಲ್ಕು ಹೊಡೆತದ ಹತ್ತು, ಐದು ಹೊಡೆತದ ನಾಲ್ಕು. ಆದರೆ ಪಾರ್ 72 ಇರುವ ಎರಡು ಕೋರ್ಸುಗಳು ಸಮಾನ ಕಷ್ಟದವು ಆಗಬೇಕೆಂದಿಲ್ಲ. ಒಂದು ಉದ್ದವಾಗಿರುತ್ತದೆ, ಇನ್ನೊಂದರಲ್ಲಿ ನೀರು, ಮರಳುಗುಂಡಿ, ಇಕ್ಕಟ್ಟಾದ ಮರಗಳ ಸಾಲು. ಆದ್ದರಿಂದ ತರಬೇತಾದ ತಂಡವೊಂದು ಪ್ರತಿ ಕೋರ್ಸಿಗೆ, ಅದರ ಪ್ರತಿ ಟೀ (ಮೊದಲ ಹೊಡೆತದ ಜಾಗ) ಗುಂಪಿಗೆ, ಗಂಡಸರಿಗೂ ಹೆಂಗಸರಿಗೂ ಪ್ರತ್ಯೇಕವಾಗಿ ಎರಡು ಅಂಕಿ ಕೊಡುತ್ತದೆ. ಮೊದಲನೆಯದು ಕೋರ್ಸ್ ರೇಟಿಂಗ್. ಸ್ಕ್ರ್ಯಾಚ್ ಆಟಗಾರ ಅಲ್ಲಿ ಚೆನ್ನಾಗಿ ಆಡಿದರೆ ಎಷ್ಟು ಹೊಡೆತ ಬೇಕು ಎಂಬ ಅಳತೆ ಅದು; 70.9 ಎಂದೋ 73.2 ಎಂದೋ ದಶಮಾಂಶದಲ್ಲಿ ಇರುತ್ತದೆ.

ಎರಡನೆಯದು ಸ್ಲೋಪ್ ರೇಟಿಂಗ್. ಹೆಚ್ಚಿನವರು ಎಡವುವುದು ಇಲ್ಲಿ, ನೆಲದ ಏರಿಳಿತಕ್ಕೆ ಸಂಬಂಧಿಸಿದ್ದು ಎಂದುಕೊಂಡು. ಕೋರ್ಸ್ ಕಷ್ಟವಾಗುತ್ತ ಹೋದಂತೆ ಸಾಧಾರಣ ಆಟಗಾರನ ಸ್ಕೋರು ಪರಿಣತನ ಸ್ಕೋರಿಗಿಂತ ವೇಗವಾಗಿ ಏರುತ್ತದೆ. ಇನ್ನೂರು ಗಜ ದೂರದ ಕೆರೆ ಪರಿಣತನಿಗೆ ಕಣ್ಣಿಗೇ ಬೀಳದಿರಬಹುದು, ಸಾಧಾರಣ ಆಟಗಾರನಿಗೆ ಅದು ಎರಡು ಚೆಂಡು ನುಂಗುವ ಗಂಡಾಂತರ. ಈ ವೇಗದ ವ್ಯತ್ಯಾಸವೇ ಸ್ಲೋಪ್. ಅಮೆರಿಕದ ನೌಕಾಪಡೆಯಲ್ಲಿದ್ದ ಡೀನ್ ಕ್ನೂತ್ ಇದನ್ನು ರೂಪಿಸಿದವರು. 1980ರ ದಶಕದಲ್ಲಿ ಅಮೆರಿಕದಾದ್ಯಂತ ಬಳಕೆಗೆ ಬಂತು. ಸುಮಾರು 20 ಹ್ಯಾಂಡಿಕ್ಯಾಪಿನ ‘ಬೋಗಿ’ ಆಟಗಾರನಿಗೆ ಎಷ್ಟು ಹೊಡೆತ ಬೇಕೆಂದು ಅಂದಾಜಿಸಿ, ಅದಕ್ಕೂ ಕೋರ್ಸ್ ರೇಟಿಂಗಿಗೂ ಇರುವ ಅಂತರವನ್ನು ಪುರುಷರಿಗಾದರೆ 5.381ರಿಂದ ಗುಣಿಸುತ್ತಾರೆ. ಅಂತರ 23 ಆದರೆ ಸ್ಲೋಪ್ 124. ಅತಿ ಕಡಿಮೆ 55, ಅತಿ ಹೆಚ್ಚು 155, ಮಧ್ಯಮವೆಂದು ಒಪ್ಪಿಕೊಂಡದ್ದು 113.

ಈ ಎರಡು ಅಂಕಿ ಕೈಯಲ್ಲಿದ್ದರೆ ಯಾವ ಸುತ್ತಿನ ನಿಜವಾದ ಬೆಲೆಯನ್ನೂ ಕಟ್ಟಬಹುದು. ಸ್ಕೋರಿನಿಂದ ಕೋರ್ಸ್ ರೇಟಿಂಗ್ ಕಳೆಯಬೇಕು, ಉಳಿದದ್ದನ್ನು 113ರಿಂದ ಗುಣಿಸಿ ಸ್ಲೋಪಿನಿಂದ ಭಾಗಿಸಬೇಕು. ಬರುವ ಸಂಖ್ಯೆಗೆ ಸ್ಕೋರ್ ಡಿಫರೆನ್ಷಿಯಲ್ ಎಂದು ಹೆಸರು. ಕೋರ್ಸ್ ರೇಟಿಂಗ್ 70.9, ಸ್ಲೋಪ್ 124 ಇರುವ ಕಡೆ ಒಬ್ಬ 90 ಹೊಡೆದ ಎನ್ನೋಣ. 19.1ನ್ನು 113ರಿಂದ ಗುಣಿಸಿ 124ರಿಂದ ಭಾಗಿಸಿದರೆ 17.4. ಮುಂದಿನ ವಾರ ಅವನೇ ರೇಟಿಂಗ್ 73.2, ಸ್ಲೋಪ್ 138 ಇರುವ ಕಠಿಣ ಕೋರ್ಸಿನಲ್ಲಿ 92 ಹೊಡೆದರೆ ಡಿಫರೆನ್ಷಿಯಲ್ 15.4. ಗೆಳೆಯರ ಮುಂದೆ ಹೇಳಿಕೊಳ್ಳಲು 90 ಚೆನ್ನಾಗಿ ಕೇಳಿಸುತ್ತದೆ. ನಿಜಕ್ಕೂ ಮೇಲಾದ ಆಟ 92ರದು.

ಇತ್ತೀಚಿನ 20 ಸುತ್ತುಗಳ ಡಿಫರೆನ್ಷಿಯಲ್‌ಗಳಲ್ಲಿ ಅತ್ಯುತ್ತಮವಾದ ಎಂಟನ್ನು ಆರಿಸಿ ಸರಾಸರಿ ತೆಗೆದರೆ ಸಿಗುವುದೇ ಹ್ಯಾಂಡಿಕ್ಯಾಪ್ ಇಂಡೆಕ್ಸ್. ಹೊಸ ಕಾರ್ಡೊಂದು ಸೇರಿದಾಗ ಅತಿ ಹಳೆಯದು ಉದುರುತ್ತದೆ. ಇಡೀ ಪದ್ಧತಿಯ ತಿರುಳು ಇರುವುದು ಈ ‘ಎಂಟು’ ಎಂಬಲ್ಲಿ. ಹ್ಯಾಂಡಿಕ್ಯಾಪ್ ಎಂದರೆ ಆಟಗಾರನ ಸರಾಸರಿ ಆಟವಲ್ಲ. ಅವನು ಆಡಬಲ್ಲ ಆಟ. ಹಾಗಾಗಿ ಹೆಚ್ಚಿನ ದಿನಗಳಲ್ಲಿ ಯಾರೂ ತಮ್ಮ ಹ್ಯಾಂಡಿಕ್ಯಾಪಿನ ಮಟ್ಟಕ್ಕೆ ಆಡುವುದಿಲ್ಲ. ನಾಲ್ಕೈದು ಸುತ್ತಿಗೊಮ್ಮೆ ಆ ಮಟ್ಟ ಮುಟ್ಟಿದರೆ ಅದು ಸಹಜ. ಉಳಿದ ದಿನ ಎರಡು, ನಾಲ್ಕು ಹೊಡೆತ ಹೆಚ್ಚೇ ಆಗುತ್ತದೆ. ‘ನನ್ನ ಹ್ಯಾಂಡಿಕ್ಯಾಪ್ 18, ಇವತ್ತೂ ಆಡಲಾಗಲಿಲ್ಲ’ ಎಂದು ಪ್ರತಿ ಭಾನುವಾರ ಮುಖ ಸಣ್ಣ ಮಾಡಿಕೊಂಡು ಮನೆಗೆ ಹೋಗುವವರಿಗೆ ಈ ಒಂದು ಮಾತು ತಿಳಿದಿದ್ದರೆ ಎಷ್ಟೋ ನೆಮ್ಮದಿ.

ಇಪ್ಪತ್ತು ಕಾರ್ಡು ಆಗುವವರೆಗೆ ಕಾಯಬೇಕಾಗಿಲ್ಲ. 54 ಹೋಲ್‌ಗಳ ಸ್ಕೋರ್, ಅಂದರೆ ಮೂರು ಪೂರ್ಣ ಸುತ್ತು ಅಥವಾ ಒಂಬತ್ತು ಹೋಲ್‌ಗಳ ಆರು ಸುತ್ತು ಇದ್ದರೆ ಸಾಕು. ಮೂರು ಡಿಫರೆನ್ಷಿಯಲ್ 31.2, 28.6, 34.0 ಬಂದವರಿಗೆ ಅತಿ ಕಡಿಮೆಯದಾದ 28.6ರಿಂದ 2 ಕಳೆದು 26.6 ಕೊಡುತ್ತಾರೆ. ಹೊಸಬರು ಬೇಗ ಸುಧಾರಿಸುತ್ತಾರೆ ಎಂಬ ಅನುಭವದಿಂದ ಬಂದ ಕಡಿತ ಅದು. ಒಂಬತ್ತು ಹೋಲ್ ಮಾತ್ರ ಆಡಲು ಬಿಡುವಿರುವವರಿಗೆ 2024ರ ಪರಿಷ್ಕರಣೆಯಿಂದ ದೊಡ್ಡ ಅನುಕೂಲವಾಗಿದೆ. ಇಂಡೆಕ್ಸ್ ಸಿಕ್ಕ ಮೇಲೆ ಒಂಬತ್ತರ ಸ್ಕೋರಿಗೆ ಉಳಿದ ಒಂಬತ್ತರಲ್ಲಿ ನಿರೀಕ್ಷಿಸಬಹುದಾದ ಸ್ಕೋರ್ ಸೇರಿಸಿ ಕೂಡಲೇ 18ರ ಡಿಫರೆನ್ಷಿಯಲ್ ಮಾಡುತ್ತಾರೆ. ಇನ್ನೊಂದು ಒಂಬತ್ತರ ಸುತ್ತು ಬರಲೆಂದು ಕಾಯಬೇಕಿಲ್ಲ. ಚಿಕ್ಕ ಕೋರ್ಸುಗಳಿಗೂ ಬಾಗಿಲು ತೆರೆದಿದೆ: 18 ಹೋಲ್‌ಗಳಿಗೆ 1,500 ಗಜ ಉದ್ದವಿದ್ದರೂ ರೇಟಿಂಗ್ ಪಡೆಯಬಹುದು. ಆಡುವ ಕೋರ್ಸಿಗೆ ಅಧಿಕೃತ ರೇಟಿಂಗ್ ಇರಲೇಬೇಕು ಎಂಬುದು ಮಾತ್ರ ಸಡಿಲವಾಗದ ನಿಯಮ. ಅದಿಲ್ಲದ ಕಡೆ ಎಷ್ಟು ಆಡಿದರೂ ಕಾರ್ಡು ಲೆಕ್ಕಕ್ಕೆ ಬರುವುದಿಲ್ಲ.

ಒಂದು ಹೋಲಿನ ಅನಾಹುತ ಇಡೀ ಲೆಕ್ಕವನ್ನು ಕೆಡಿಸದಂತೆ ಇನ್ನೊಂದು ಏರ್ಪಾಡಿದೆ. ಹ್ಯಾಂಡಿಕ್ಯಾಪಿನ ಉದ್ದೇಶಕ್ಕೆ ಒಂದು ಹೋಲಿನಲ್ಲಿ ಬರೆದುಕೊಳ್ಳಬಹುದಾದ ಗರಿಷ್ಠ ಸ್ಕೋರ್ ಪಾರ್‌ಗೆ ಎರಡು ಕೂಡಿಸಿ, ಆ ಹೋಲಿನಲ್ಲಿ ಸಿಗುವ ಹ್ಯಾಂಡಿಕ್ಯಾಪ್ ಹೊಡೆತಗಳನ್ನೂ ಕೂಡಿಸಿದಷ್ಟು. ಪಾರ್ ನಾಲ್ಕರ ಹೋಲಿನಲ್ಲಿ ಎರಡು ಹೊಡೆತ ಸಿಗುವವನು ನೀರಿಗೆ, ಪೊದೆಗೆ ಚೆಂಡು ಕಳೆದು 11 ಹೊಡೆದರೂ ಲೆಕ್ಕಕ್ಕೆ ಹೋಗುವುದು 8. ಹೊಸಬರು ಇದನ್ನು ನೆನಪಿಟ್ಟುಕೊಂಡು, ಗೆಳೆಯರ ಆಟದಲ್ಲಿ ಆ ಮಿತಿ ಮುಟ್ಟಿದಾಗ ಚೆಂಡೆತ್ತಿಕೊಂಡರೆ ಹಿಂದೆ ಕಾಯುತ್ತಿರುವ ಗುಂಪಿಗೂ ಉಪಕಾರ.

ಇಂಡೆಕ್ಸ್ ಎಲ್ಲ ಕಡೆ ಸಲ್ಲುವ ಸಂಖ್ಯೆ. ಖಾರ್‌ಘರಿನಲ್ಲಿ ಆಡುವವನು ರಜೆಗೆ ಊರಿಗೆ ಹೋದಾಗ 1876ರಲ್ಲಿ ಸ್ಥಾಪನೆಯಾದ ಬೆಂಗಳೂರು ಗಾಲ್ಫ್ ಕ್ಲಬ್ಬಿಗೆ ಅತಿಥಿಯಾಗಿ ಹೋಗಬಹುದು, ಮೈಸೂರಿನಲ್ಲೋ ಮಂಗಳೂರಿನ ಪಿಲಿಕುಳದಲ್ಲೋ ಆಡಬಹುದು. ಅವನ ಇಂಡೆಕ್ಸ್ ಅದೇ. ಆದರೆ ಅಲ್ಲಿನ ಅಂಗಣದಲ್ಲಿ ಅದರಿಂದ ಎಷ್ಟು ಹೊಡೆತ ಸಿಗುತ್ತದೆ ಎಂಬುದು ಬದಲಾಗುತ್ತದೆ. ಇಂಡೆಕ್ಸನ್ನು ಸ್ಲೋಪಿನಿಂದ ಗುಣಿಸಿ 113ರಿಂದ ಭಾಗಿಸಿ, ಕೋರ್ಸ್ ರೇಟಿಂಗಿಗೂ ಪಾರ್‌ಗೂ ಇರುವ ವ್ಯತ್ಯಾಸವನ್ನು ಕೂಡಿಸಿದರೆ ಕೋರ್ಸ್ ಹ್ಯಾಂಡಿಕ್ಯಾಪ್. ಆಮೇಲೆ ಸ್ಪರ್ಧೆಯ ಬಗೆಗೆ ತಕ್ಕ ಶೇಕಡಾವಾರು ಇಳಿಸಿದರೆ ಆ ದಿನದ ಪ್ಲೇಯಿಂಗ್ ಹ್ಯಾಂಡಿಕ್ಯಾಪ್. ಒಬ್ಬೊಬ್ಬರೇ ಆಡುವ ಸ್ಟ್ರೋಕ್ ಪ್ಲೇ (ಒಟ್ಟು ಹೊಡೆತಗಳ ಲೆಕ್ಕ), ಸ್ಟೇಬಲ್‌ಫರ್ಡ್‌ಗಳಿಗೆ ಶೇ. 95ನ್ನೂ, ಹೋಲಿನಿಂದ ಹೋಲಿಗೆ ಸೋಲು-ಗೆಲುವು ನೋಡುವ ಇಬ್ಬರ ಮ್ಯಾಚ್ ಪ್ಲೇಗೆ ಪೂರ್ತಿ ನೂರನ್ನೂ ಪದ್ಧತಿ ಸೂಚಿಸುತ್ತದೆ. ಕ್ಲಬ್ಬುಗಳು ಪಟ್ಟಿ ಮಾಡಿ ಗೋಡೆಗೆ ಹಾಕಿರುತ್ತವೆ, ಮೊಬೈಲ್ ಆ್ಯಪ್ ಕೂಡ ಹೇಳುತ್ತದೆ. ಯಾರೂ ಕೈಯಲ್ಲಿ ಗುಣಿಸುತ್ತ ಕೂರಬೇಕಾಗಿಲ್ಲ.

ಮೊದಲು ಹೇಳಿದ 70.9ರ ರೇಟಿಂಗ್, 124ರ ಸ್ಲೋಪ್, 72ರ ಪಾರ್ ಇರುವ ಕೋರ್ಸಿನಲ್ಲಿ ಇಬ್ಬರು ಆಡುತ್ತಾರೆ ಎಂದುಕೊಳ್ಳಬಹುದು. ಒಬ್ಬನ ಇಂಡೆಕ್ಸ್ 8.0, ಇನ್ನೊಬ್ಬಳದು 24.0, ಇಬ್ಬರ ಟೀಗಳಿಗೂ ಅದೇ ರೇಟಿಂಗ್. ಕೋರ್ಸ್ ಹ್ಯಾಂಡಿಕ್ಯಾಪ್ ಅವನಿಗೆ 8, ಅವಳಿಗೆ 25. ಸ್ಟ್ರೋಕ್ ಪ್ಲೇಯಲ್ಲಿ, ಪೂರ್ಣಾಂಕ ಮಾಡುವ ಮೊದಲಿನ ಸಂಖ್ಯೆಗಳಿಗೆ ಶೇ. 95ರಂತೆ ಅವನಿಗೆ 7, ಅವಳಿಗೆ 24 ಹೊಡೆತ. ಅವನು 81 ಹೊಡೆದ, ನೆಟ್ 74. ಅವಳು 97 ಹೊಡೆದಳು, ನೆಟ್ 73. ಗೆದ್ದವಳು ಅವಳೇ, ಮತ್ತು ಆ ಗೆಲುವಿನಲ್ಲಿ ದಾಕ್ಷಿಣ್ಯದ ಅಂಶ ಒಂದಿಷ್ಟೂ ಇಲ್ಲ. ತನ್ನ ಸಾಮರ್ಥ್ಯದ ಹತ್ತಿರಕ್ಕೆ ಆ ದಿನ ಹೆಚ್ಚು ಬಂದವರು ಗೆದ್ದರು, ಅಷ್ಟೆ.

ಈ ಹೊಡೆತಗಳು ಯಾವ ಹೋಲಿನಲ್ಲಿ ಸಿಗುತ್ತವೆ ಎಂಬುದನ್ನು ಹೇಳುವುದು ಕಾರ್ಡಿನ ಮೇಲಿನ ಸ್ಟ್ರೋಕ್ ಇಂಡೆಕ್ಸ್. ಪ್ರತಿ ಹೋಲಿಗೂ 1ರಿಂದ 18ರವರೆಗೆ ಒಂದೊಂದು ಅಂಕಿ. ಏಳು ಹೊಡೆತ ಪಡೆದವನಿಗೆ 1ರಿಂದ 7ರವರೆಗಿನ ಹೋಲ್‌ಗಳಲ್ಲಿ ಒಂದೊಂದು. ಇಪ್ಪತ್ತನಾಲ್ಕು ಪಡೆದವಳಿಗೆ ಎಲ್ಲ ಹೋಲಿನಲ್ಲೂ ಒಂದು, 1ರಿಂದ 6ರವರೆಗಿನವುಗಳಲ್ಲಿ ಇನ್ನೊಂದು. ಮ್ಯಾಚ್ ಪ್ಲೇಯಲ್ಲಾದರೆ ಇಬ್ಬರ ನಡುವಿನ ವ್ಯತ್ಯಾಸವನ್ನು ಮಾತ್ರ ಕೊಡುತ್ತಾರೆ. ಕೋರ್ಸ್ ಹ್ಯಾಂಡಿಕ್ಯಾಪ್ 8 ಮತ್ತು 25 ಆದರೆ ಅವನಿಗೆ ಏನೂ ಇಲ್ಲ, ಅವಳಿಗೆ 17.

ಹವ್ಯಾಸಿ ಕೂಟಗಳಿಗೆ ಹೇಳಿ ಮಾಡಿಸಿದಂಥ ಸ್ಪರ್ಧೆ ಸ್ಟೇಬಲ್‌ಫರ್ಡ್. ಇದನ್ನು ಕೊಟ್ಟವರು ಒಬ್ಬ ವೈದ್ಯರು, ಡಾ. ಫ್ರಾಂಕ್ ಸ್ಟೇಬಲ್‌ಫರ್ಡ್. 1898ರಲ್ಲಿ ವೇಲ್ಸಿನ ಗ್ಲಾಮೊರ್ಗನ್‌ಶೈರ್ ಕ್ಲಬ್ಬಿನಲ್ಲಿ ಮೊದಲು ಪ್ರಯೋಗಿಸಿ ನೋಡಿದರು. ಇಂದಿನ ರೂಪ ಪಡೆದು ಸ್ಪರ್ಧೆಯಾಗಿ ನಡೆದದ್ದು 1932ರಲ್ಲಿ, ಲಿವರ್‌ಪೂಲ್ ಸಮೀಪದ ವಾಲಸಿ ಕ್ಲಬ್ಬಿನಲ್ಲಿ. ಸ್ಟ್ರೋಕ್ ಪ್ಲೇಯಲ್ಲಿ ಎರಡನೆಯ ಹೋಲಿನಲ್ಲೇ ಹತ್ತು ಹೊಡೆದವನ ಕಥೆ ಅಲ್ಲಿಗೇ ಮುಗಿಯುತ್ತದೆ. ಉಳಿದ ಹದಿನಾರನ್ನು ಅವನು ಬೇಸರದಿಂದ ಎಳೆಯಬೇಕು. ಸ್ಟೇಬಲ್‌ಫರ್ಡಿನಲ್ಲಿ ಹೊಡೆತ ಕೂಡುವುದಿಲ್ಲ, ಪ್ರತಿ ಹೋಲಿಗೂ ಅಂಕ. ಹ್ಯಾಂಡಿಕ್ಯಾಪ್ ಹೊಡೆತ ಕಳೆದ ಮೇಲೆ ಬೋಗಿಗೆ (ಪಾರಿಗಿಂತ ಒಂದು ಹೆಚ್ಚು) 1, ಪಾರ್‌ಗೆ 2, ಬರ್ಡಿಗೆ (ಒಂದು ಕಡಿಮೆ) 3, ಈಗಲ್‌ಗೆ (ಎರಡು ಕಡಿಮೆ) 4. ಡಬಲ್ ಬೋಗಿ ಅಥವಾ ಅದಕ್ಕಿಂತ ಕೆಟ್ಟದ್ದಕ್ಕೆ ಸೊನ್ನೆ. ಹೆಚ್ಚು ಅಂಕ ಗಳಿಸಿದವರು ಗೆದ್ದಂತೆ.

ಸ್ಟ್ರೋಕ್ ಇಂಡೆಕ್ಸ್ 4 ಇರುವ, ಪಾರ್ ನಾಲ್ಕರ ಹೋಲಿನಲ್ಲಿ ಮೇಲಿನ ಇಬ್ಬರ ಲೆಕ್ಕ ಹೀಗಾಗುತ್ತದೆ. ಅವನಿಗೆ ಒಂದು ಹೊಡೆತ ಸಿಗುವುದರಿಂದ 5 ಹೊಡೆದರೆ ನೆಟ್ ಪಾರ್, 2 ಅಂಕ. ಅವಳಿಗೆ ಎರಡು ಸಿಗುವುದರಿಂದ 6 ಹೊಡೆದರೂ 2 ಅಂಕ, 7ಕ್ಕೆ 1 ಅಂಕ. 8 ಆಯಿತೆಂದರೆ ಸೊನ್ನೆ. ಆದ್ದರಿಂದ ಏಳರಲ್ಲಿ ಚೆಂಡು ಕುಳಿಗೆ ಬೀಳದಿದ್ದರೆ ಅದನ್ನು ಎತ್ತಿಕೊಂಡು ಮುಂದಿನ ಟೀಗೆ ಹೋಗಬಹುದು. ಆಟ ಚುರುಕಾಗುತ್ತದೆ, ಅವಮಾನವಿಲ್ಲ, ಮುಂದಿನ ಹೋಲಿನಲ್ಲಿ ಲೆಕ್ಕ ಹೊಸದಾಗಿ ಶುರು. ಹದಿನೆಂಟು ಹೋಲಿಗೆ ಎರಡರಂತೆ 36 ಅಂಕ ಬಂದರೆ ಆ ದಿನದ ಹ್ಯಾಂಡಿಕ್ಯಾಪಿಗೆ ಸರಿಯಾಗಿ ಆಡಿದಂತೆ. ಹೆಚ್ಚಿನ ದಿನ ಮೂವತ್ತರ ಆಸುಪಾಸು ಬರುವುದು ವಾಡಿಕೆ. ಹೀಗಿರುವಾಗ ಯಾರೋ ಒಬ್ಬರು ಪದೇ ಪದೇ 42, 44 ತರುತ್ತಿದ್ದರೆ ಅವರ ಆಟವನ್ನು ಮೆಚ್ಚುವುದಕ್ಕೆ ಮೊದಲು ಹ್ಯಾಂಡಿಕ್ಯಾಪನ್ನು ಪರೀಕ್ಷಿಸಬೇಕು.

ಜೋಡಿಗಳ ಫೋರ್‌ಬಾಲ್‌ನಲ್ಲಿ ಇಬ್ಬರೂ ತಂತಮ್ಮ ಚೆಂಡು ಆಡಿ, ಪ್ರತಿ ಹೋಲಿನಲ್ಲಿ ಇಬ್ಬರಲ್ಲಿ ಉತ್ತಮವಾದದ್ದನ್ನು ತಂಡದ ಸ್ಕೋರಾಗಿ ಬರೆಯುತ್ತಾರೆ. ಸ್ಟ್ರೋಕ್ ಪ್ಲೇಯಾದರೆ ಶೇ. 85ರ ಹ್ಯಾಂಡಿಕ್ಯಾಪ್. ಕಂಪನಿಗಳ ಕೂಟದಲ್ಲಿ ಹೆಚ್ಚು ಜನಪ್ರಿಯವಾದದ್ದು ಸ್ಕ್ರ್ಯಾಂಬಲ್. ನಾಲ್ವರೂ ಹೊಡೆದು, ಅತ್ಯುತ್ತಮವಾಗಿ ಬಿದ್ದ ಚೆಂಡಿನ ಜಾಗದಿಂದ ನಾಲ್ವರೂ ಮುಂದಿನ ಹೊಡೆತ ಹೊಡೆಯುತ್ತ ಸಾಗುವುದು. ಕೋರ್ಸ್ ಹ್ಯಾಂಡಿಕ್ಯಾಪ್ ಕಡಿಮೆಯಿಂದ ಹೆಚ್ಚಿಗೆ ಶೇ. 25, 20, 15, 10ರಂತೆ ತೆಗೆದುಕೊಳ್ಳುವುದು ಸೂಚಿತ ಕ್ರಮ. 8, 14, 20, 28 ಇರುವ ತಂಡಕ್ಕೆ 10.6, ಅಂದರೆ 11 ಹೊಡೆತ. ಮೊದಲ ಸಲ ಕ್ಲಬ್ ಹಿಡಿದವರನ್ನೂ ಸೇರಿಸಿಕೊಳ್ಳಲು ಇದಕ್ಕಿಂತ ಒಳ್ಳೆಯ ಬಗೆ ಇಲ್ಲ. ಆದರೆ ಸ್ಕ್ರ್ಯಾಂಬಲಿನ ಸ್ಕೋರ್ ಯಾರ ಹ್ಯಾಂಡಿಕ್ಯಾಪಿಗೂ ಲೆಕ್ಕಕ್ಕಿಲ್ಲ.

ಬಂದವರಲ್ಲಿ ಅರ್ಧದಷ್ಟು ಜನರಿಗೆ ಅಧಿಕೃತ ಹ್ಯಾಂಡಿಕ್ಯಾಪೇ ಇಲ್ಲದಿದ್ದರೆ ಸಂಘಟಕರು ಆ ದಿನದ ಮಟ್ಟಿಗೆ ಒಂದನ್ನು ಹುಟ್ಟಿಸುತ್ತಾರೆ. ಸಿಸ್ಟಮ್ 36 ಎಂಬ ಕ್ರಮದಲ್ಲಿ ಪಾರ್ ಅಥವಾ ಅದಕ್ಕಿಂತ ಉತ್ತಮವಾದ ಹೋಲಿಗೆ 2, ಬೋಗಿಗೆ 1, ಉಳಿದದ್ದಕ್ಕೆ ಸೊನ್ನೆ ಅಂಕ ಹಾಕಿ, ಮೊತ್ತವನ್ನು 36ರಿಂದ ಕಳೆಯುತ್ತಾರೆ. ಮೂರು ಪಾರ್, ಒಂಬತ್ತು ಬೋಗಿ, ಆರು ಡಬಲ್ ಬೋಗಿ ಮಾಡಿದವನಿಗೆ 15 ಅಂಕ, ಹ್ಯಾಂಡಿಕ್ಯಾಪ್ 21. ಪಾರ್ 72ರಲ್ಲಿ ಅವನ ಸ್ಕೋರ್ 93, ನೆಟ್ 72. ಡಬಲ್ ಪಿಯೋರಿಯಾ ಎಂಬ ಇನ್ನೊಂದರಲ್ಲಿ ಒಟ್ಟು ಪಾರ್ 48 ಆಗುವಂಥ 12 ಹೋಲ್‌ಗಳನ್ನು ಗುಟ್ಟಾಗಿ ಆರಿಸಿಟ್ಟು, ಅವುಗಳಲ್ಲಿನ ಸ್ಕೋರನ್ನು ಒಂದೂವರೆ ಪಟ್ಟು ಮಾಡಿ, 72 ಕಳೆದು, ಉಳಿದದ್ದರ ಶೇ. 80ನ್ನು ಹ್ಯಾಂಡಿಕ್ಯಾಪ್ ಎನ್ನುತ್ತಾರೆ. ಆ ಹನ್ನೆರಡರಲ್ಲಿ 62 ಹೊಡೆದವನಿಗೆ 16.8. ಎರಡೂ ಮೋಜಿನ ಕ್ರಮಗಳೇ, ನ್ಯಾಯದ ಕ್ರಮಗಳಲ್ಲ. ಪಿಯೋರಿಯಾದಲ್ಲಿ ಗುಟ್ಟಿನ ಹೋಲ್‌ಗಳಲ್ಲಿ ಕೆಡಿಸಿ ಉಳಿದವುಗಳಲ್ಲಿ ಚೆನ್ನಾಗಿ ಆಡಿದವನಿಗೆ ಅದೃಷ್ಟ. ಸಿಸ್ಟಮ್ 36ರಲ್ಲಿ ಡಬಲ್ ಬೋಗಿಯೂ ಹತ್ತು ಹೊಡೆತವೂ ಒಂದೇ ಆದ್ದರಿಂದ ಹೊಸಬರಿಗೆ ಪೆಟ್ಟು. ವರ್ಷಕ್ಕೊಮ್ಮೆಯ ಸಂತೋಷಕೂಟಕ್ಕೆ ಇವು ಸಾಕು. ತಿಂಗಳು ತಿಂಗಳು ಸೇರುವ ಬಳಗ ಇವನ್ನೇ ನೆಚ್ಚಿಕೊಂಡರೆ ಬಹುಮಾನದ ಬೆಲೆಯೇ ಹೋಗುತ್ತದೆ.

ಮಳೆಗಾಲದ ನಾಲ್ಕು ತಿಂಗಳು ಈ ಭಾಗದಲ್ಲಿ ಆಟವೇ ಬೇರೆ. ಚೆಂಡು ಉರುಳುವುದಿಲ್ಲ, ಬಿದ್ದಲ್ಲೇ ಹೂತುಕೊಳ್ಳುತ್ತದೆ. ಆಗ ಫೇರ್‌ವೇಯ ಕತ್ತರಿಸಿದ ಹುಲ್ಲಿನಲ್ಲಿ ಚೆಂಡನ್ನೆತ್ತಿ ಒರೆಸಿ ಹತ್ತಿರದಲ್ಲೇ ಇಟ್ಟು ಆಡುವ ಸ್ಥಳೀಯ ನಿಯಮ ಜಾರಿ ಮಾಡಬಹುದು. ಹಾಗೆ ಆಡಿದ ಕಾರ್ಡು ಹ್ಯಾಂಡಿಕ್ಯಾಪಿಗೆ ಸಲ್ಲುತ್ತದೆ. ಒಂದು ದಿನ ಗಾಳಿ-ಮಳೆಯಿಂದ ಸಾಕಷ್ಟು ಜನರ ಸ್ಕೋರು ನಿರೀಕ್ಷೆಗಿಂತ ಏರಿದರೆ ಪದ್ಧತಿಯೇ ಅದನ್ನು ಗುರುತಿಸಿ ಆ ದಿನದ ಎಲ್ಲರ ಲೆಕ್ಕಕ್ಕೂ ಗರಿಷ್ಠ ಮೂರರವರೆಗೆ ರಿಯಾಯಿತಿ ಕೊಡುತ್ತದೆ. ತೀರ ಸುಲಭವಾಗಿದ್ದ ದಿನ ಒಂದನ್ನು ಬಿಗಿಮಾಡುತ್ತದೆ.

ಇಷ್ಟೆಲ್ಲ ಜಾಣ ಲೆಕ್ಕವೂ ನಿಂತಿರುವುದು ಆಟಗಾರ ಒಪ್ಪಿಸುವ ಕಾರ್ಡಿನ ಮೇಲೆ. ಕೆಟ್ಟ ಸುತ್ತುಗಳನ್ನು ಮಾತ್ರ ಬರೆಸಿ, ಒಳ್ಳೆಯದನ್ನು ಜೇಬಿನಲ್ಲೇ ಉಳಿಸಿಕೊಂಡು ಹ್ಯಾಂಡಿಕ್ಯಾಪ್ ಉಬ್ಬಿಸಿಕೊಳ್ಳುವವರು ಎಲ್ಲ ದೇಶಗಳಲ್ಲೂ ಇದ್ದಾರೆ; ಗಾಲ್ಫ್ ವಲಯದಲ್ಲಿ ಅವರಿಗೆ ಸ್ಯಾಂಡ್‌ಬ್ಯಾಗರ್ ಎಂಬ ಹೆಸರು. ತದ್ವಿರುದ್ಧವಾಗಿ, ಕೆಟ್ಟ ಕಾರ್ಡು ಹರಿದೆಸೆದು ಚಿಕ್ಕ ಸಂಖ್ಯೆಯ ಜಂಬ ಕೊಚ್ಚಿಕೊಳ್ಳುವವರೂ ಉಂಟು. ಅವರು ಪಾಪ, ಸೋಲುವುದು ತಾವೇ. ಮೊದಲನೆಯವರಿಂದ ಕೂಟಕ್ಕೇ ಕೇಡು. ಇದನ್ನು ತಡೆಯಲು ಪದ್ಧತಿಯಲ್ಲಿ ಕೆಲವು ಬೀಗಗಳಿವೆ. ಕಳೆದ ಒಂದು ವರ್ಷದ ಅತಿ ಕಡಿಮೆ ಇಂಡೆಕ್ಸಿಗಿಂತ 3ಕ್ಕೂ ಹೆಚ್ಚು ಏರಿದರೆ, 3ರ ಮೇಲಿನ ಹೆಚ್ಚಳದ ಅರ್ಧವಷ್ಟೇ ಲೆಕ್ಕಕ್ಕೆ. 5ಕ್ಕಿಂತ ಮೇಲೆ ಏರಲು ಬಿಡುವುದೇ ಇಲ್ಲ. 15.0 ಇದ್ದವನ ಲೆಕ್ಕ 20.0ಕ್ಕೆ ಹೋದರೆ ಸಿಗುವುದು 19.0. ತನ್ನ ಇಂಡೆಕ್ಸಿಗಿಂತ 7 ಅಥವಾ ಹೆಚ್ಚು ಉತ್ತಮವಾದ ಡಿಫರೆನ್ಷಿಯಲ್ ಬಂದರೆ ಕೂಡಲೇ 1, ಹತ್ತು ಅಥವಾ ಹೆಚ್ಚಾದರೆ 2 ಕಡಿತ. ಕ್ಲಬ್ಬಿನ ಹ್ಯಾಂಡಿಕ್ಯಾಪ್ ಸಮಿತಿಗೆ ಯಾರ ಸಂಖ್ಯೆಯನ್ನಾದರೂ ತಿದ್ದುವ, ಹಿಂತೆಗೆದುಕೊಳ್ಳುವ ಅಧಿಕಾರವಿದೆ.

ಇವೆಲ್ಲಕ್ಕಿಂತ ಬಲವಾದ ಕಾವಲು ಜೊತೆಯಲ್ಲಿ ಆಡುವವರು. ಆಟಗಾರನ ಕಾರ್ಡಿಗೆ ಸಹ ಆಟಗಾರ ಮಾರ್ಕರ್ ಆಗಿ ಸಹಿ ಹಾಕುತ್ತಾನೆ, ಆಟಗಾರನೂ ಹಾಕುತ್ತಾನೆ. ಒಂದು ಹೋಲಿನಲ್ಲಿ ನಿಜಕ್ಕಿಂತ ಕಡಿಮೆ ಬರೆದು ಒಪ್ಪಿಸಿದರೆ ಅನರ್ಹತೆ. ಹೆಚ್ಚು ಬರೆದಿದ್ದರೆ ಆ ಹೆಚ್ಚಿನದೇ ಖಾಯಂ. ಸಹಿ ಹಾಕುವುದನ್ನು ಶಿಷ್ಟಾಚಾರವೆಂದು ಭಾವಿಸಿ, ಹೋಟೆಲಿನ ಬಿಲ್ಲಿಗೆ ಗೀಚಿದಂತೆ ಗೀಚುವವರು ಇಡೀ ಬಳಗಕ್ಕೆ ಮೋಸ ಮಾಡುತ್ತಾರೆ. ಬಹುಮಾನದ ವಿಷಯದಲ್ಲೂ ಗೆರೆ ಸ್ಪಷ್ಟವಾಗಿದೆ. 2022ರಿಂದ ಜಾರಿಯಲ್ಲಿರುವ ಹವ್ಯಾಸಿ ನಿಯಮದಂತೆ ಹ್ಯಾಂಡಿಕ್ಯಾಪ್ ಆಧರಿಸಿದ ಸ್ಪರ್ಧೆಯಲ್ಲಿ ಹವ್ಯಾಸಿಯೊಬ್ಬ ನಗದು ಬಹುಮಾನ ಪಡೆಯುವಂತಿಲ್ಲ. ನಗದೇನಿದ್ದರೂ ನೇರ ಸ್ಕೋರಿನ ಸ್ಪರ್ಧೆಗೆ, ಅದೂ 1,000 ಡಾಲರಿನ ಮಿತಿಯೊಳಗೆ. ದೊಡ್ಡ ಮೊತ್ತದ ಪ್ರಾಯೋಜಕರನ್ನು ತರುವ ಸಂಘಟಕರು ಈ ನಿಯಮವನ್ನು ಮೊದಲೇ ಓದಿಕೊಳ್ಳಬೇಕು, ಇಲ್ಲವಾದರೆ ಗೆದ್ದವರ ಹವ್ಯಾಸಿ ಸ್ಥಾನಕ್ಕೇ ಕುತ್ತು. ಇಬ್ಬರು ಸಮವಾದಾಗ ಕೊನೆಯ ಒಂಬತ್ತು ಹೋಲ್‌ಗಳ ಸ್ಕೋರ್, ಅದೂ ಸಮವಾದರೆ ಕೊನೆಯ ಆರು, ಮೂರು, ಒಂದು ಎಂದು ನೋಡುವುದು ಎಲ್ಲೆಡೆ ನಡೆದುಬಂದ ಕ್ರಮ.

ಠಾಣೆ, ಡೊಂಬಿವಲಿ, ನವಿ ಮುಂಬೈಗಳಲ್ಲಿ ಗಾಲ್ಫಿನ ರುಚಿ ಹತ್ತಿಸಿಕೊಂಡಿರುವ ಕನ್ನಡಿಗರು ಒಂದು ಬಳಗ ಕಟ್ಟಿ ತಿಂಗಳಿಗೊಂದು ಸ್ಪರ್ಧೆ ನಡೆಸುವ ಯೋಚನೆಯಲ್ಲಿದ್ದರೆ ಟ್ರೋಫಿ ಮಾಡಿಸುವ ಮೊದಲು ಮಾಡಬೇಕಾದ ಕೆಲಸ ಬೇರೆಯಿದೆ. ಇಂಡಿಯನ್ ಗಾಲ್ಫ್ ಯೂನಿಯನ್ನಿನ ಮಾನ್ಯತೆಯಿರುವ ಕ್ಲಬ್ ಅಥವಾ ಕೋರ್ಸಿನ ಮೂಲಕ ಪ್ರತಿಯೊಬ್ಬರೂ ಇಂಡೆಕ್ಸ್ ಮಾಡಿಸಿಕೊಳ್ಳಲಿ. ರೇಟಿಂಗ್ ಇರುವ ಅಂಗಣದಲ್ಲಿ, ಸಾಕ್ಷಿಯ ಸಹಿಯೊಂದಿಗೆ ಮೂರು ಸುತ್ತು ಆಡಿದರೆ ಅದು ಕೈಗೆ ಬರುತ್ತದೆ. ಆಮೇಲೆ ಚೆನ್ನಾಗಿ ಆಡಿದ ದಿನದ ಕಾರ್ಡನ್ನೂ ಕೆಟ್ಟದಾಗಿ ಆಡಿದ ದಿನದ ಕಾರ್ಡನ್ನೂ ಅದೇ ದಿನ ತಪ್ಪದೆ ಒಪ್ಪಿಸುತ್ತಿರಲಿ.